ಬಾಗಿಲು ಮುಚ್ಚುವ ದಿನದ ಧಾಟಿ

ಬೆಟಗೇರಿ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ಹನ್ನಾ,

ಠಾಣೆಯಿಂದ ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಆಮೇಲೆ ನೀನು ಮೂರು ಸಲ ಫೋನ್ ಮಾಡಿದೆ, ನಾನು ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ಸುಳ್ಳು ಹೇಳಿಬಿಡುತ್ತೇನೆ. ಕಾಗದದಲ್ಲಿ ಬರೆದ ಸುಳ್ಳನ್ನು ಲಕೋಟೆಗೆ ಹಾಕುವ ಮೊದಲು ನಾನೇ ಇನ್ನೊಮ್ಮೆ ಓದಬೇಕಾಗುತ್ತದೆ.

ನೀನು ಕೇಳಿದ್ದು ಒಂದೇ ಒಂದು. ಈ ವರ್ಷ ಅಕ್ಟೋಬರ್ ಎರಡಕ್ಕೆ ಬರುವ ನಿಮ್ಮ ಹಬ್ಬದ ಉಪವಾಸದ ಸಂಜೆ ಕೊನೆಯ ಪ್ರಾರ್ಥನೆಯನ್ನು ನಿನ್ನ ಅಪ್ಪನ ಧಾಟಿಯಲ್ಲೇ ಹಾಡಬೇಕು. ಪದಗಳೆಲ್ಲ ನಿನಗೆ ನೆನಪಿವೆ. ಆದರೆ ಇಪ್ಪತ್ತೆರಡು ವರ್ಷ ಠಾಣೆಯ ಸಿನಗಾಗ್ ಪ್ರಾರ್ಥನಾಮಂದಿರದಲ್ಲಿ ಬೇರೆ ಧಾಟಿ ಕೇಳಿ ಅಪ್ಪನದು ಅಳಿಸಿಹೋಗಿದೆ, ಎರಡನೆಯ ಸಾಲಿಗೆ ಠಾಣೆಯದೇ ಬಾಯಿಗೆ ಬರುತ್ತದೆ ಎಂದು ಬರೆದಿದ್ದೀ. ರೈಲ್ವೆ ಗಾರ್ಡ್ ಆಗಿ ಗದಗಿಗೆ ಬಂದ ನಿನ್ನ ಅಜ್ಜ ಅದನ್ನು ಕೊಂಕಣದ ತಮ್ಮ ಊರಿನಿಂದ ತಂದು ಮಗನಿಗೆ ಕಲಿಸಿದರು. ಆ ಊರಿನಲ್ಲಿ ಈಗ ಯೆಹೂದಿಗಳ ಮನೆ ಒಂದೂ ಉಳಿದಿಲ್ಲ. "ದುರ್ಗಾ, ಎಂಟು ವರ್ಷದವಳಿದ್ದಾಗಿನಿಂದ ಅಪ್ಪನ ಹಾರ್ಮೋನಿಯಂ ಮುಂದೆ ಕೂತವಳು ನೀನು, ಗೋಡೆಗೆ ಗೋಡೆ ಅಂಟಿದ ಮನೆಯವಳು, ನಿನ್ನ ಹತ್ತಿರ ಏನಾದರೂ ಇರಲೇಬೇಕು" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೀ.

ನಾನು ಕಾಕಾ ಅನ್ನುತ್ತಿದ್ದ ನಿನ್ನ ಅಪ್ಪನ ಎಣ್ಣೆಮಿಲ್ಲಿನ ಮುಂದೆ ನಿನ್ನೆ ಹಾದುಬಂದೆ. ಹೊಸ ಮಾಲೀಕರು ನಿಮ್ಮ ವಿಶ್ರಾಂತಿಯ ದಿನವಾದ ಶನಿವಾರವೂ ನಡೆಸುತ್ತಾರೆ. ಮೇಸ್ತ್ರಿ ಬುಡ್ಡೇಸಾಬ ನನ್ನನ್ನು ಕಂಡು, ತಾನೇ ತಪ್ಪು ಮಾಡಿದವನಂತೆ ಮುಖ ತಿರುಗಿಸಿದ. ಅವನ ಹಳೆಯ ತಕರಾರು ನಿನಗೆ ನೆನಪಿರಬೇಕು: "ಶನಿವಾರ ಹಣಮಪ್ಪಗ ಎಣ್ಣಿ ಏರಸಾಕ ಊರೆಲ್ಲಾ ಡಬ್ಬಿ ಹಿಡಕೊಂಡು ಬರ್ತೈತಿ, ನಮ್ಮ ಸಾವಕಾರ್ರು ಅವತ್ತ ಕೀಲಿ ಹಾಕ್ತಾರ." ಅದಕ್ಕೆ ಕಾಕಾ, "ಹಣಮಪ್ಪಗ ಶುಕ್ರವಾರದ ಎಣ್ಣಿನೂ ನಡಿತೈತಿ, ನಾ ಕೇಳೀನಿ" ಅನ್ನುತ್ತಿದ್ದರು. ಮಿಲ್ಲಿನ ಯಂತ್ರ ಹಾರ್ಮೋನಿಯಂನ ಕಪ್ಪು ಎರಡರ ಸ್ವರದಲ್ಲಿ ಗುಂಯ್‌ಗುಡುತ್ತದೆಂದು ಅದನ್ನೇ ಶ್ರುತಿ ಮಾಡಿಕೊಂಡು ಶೇಂಗಾ ಚೀಲಗಳ ನಡುವೆ ಹಾಡಿಕೊಳ್ಳುತ್ತಿದ್ದರು. ಶುಕ್ರವಾರ ಸೂರ್ಯ ಇಳಿಯುವ ಮೊದಲು ನಿನಗೆ ಫೋನ್ ಮಾಡುತ್ತಿದ್ದರಲ್ಲ, ಆಶೀರ್ವಾದ ಹೇಳುವಾಗ ಅಂಗೈಯನ್ನು ಫೋನಿನ ಮೇಲೆ ಇಡುತ್ತಿದ್ದರು, ಅದು ನಿನ್ನ ತಲೆಯೇ ಎಂಬಂತೆ. ಇದು ನಿನಗೆ ಗೊತ್ತಿರಲಿಕ್ಕಿಲ್ಲ.

ವರ್ಷದಲ್ಲಿ ಒಂದು ದಿನ ಮಾತ್ರ ನಿಮ್ಮ ಬಾಗಿಲು ನಮಗೆ ಮುಚ್ಚಿರುತ್ತಿತ್ತು. ಬಾಗಿಲು ಮುಚ್ಚುವ ಹಬ್ಬವೆಂದೇ ನಿನ್ನ ತಾಯಿ, ನಮ್ಮಿಬ್ಬರ ಆಯಿ, ಅದನ್ನು ಕರೆಯುತ್ತಿದ್ದರು. ಬಿಳಿ ಬಟ್ಟೆ, ನೀರೂ ಇಲ್ಲದ ಉಪವಾಸ, ಹೊರಗಿನವರೊಡನೆ ಮಾತಿಲ್ಲ. ಆ ಧಾಟಿ ಅವತ್ತಿನ ಸಂಜೆಗೆ ಮಾತ್ರ ಮೀಸಲು. ಬೇರೆ ದಿನ ಕಲಿಸಲಿಕ್ಕೂ ಹಾಡುತ್ತಿರಲಿಲ್ಲ, ಅವತ್ತು ರೆಕಾರ್ಡಿಂಗಿನ ಯಂತ್ರ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಅದು ಎಲ್ಲೂ ದಾಖಲಾಗಲಿಲ್ಲ.

ಹೋದ ವರ್ಷ ಆ ಹಬ್ಬದ ದಿನವೇ ದಸರೆಯೂ ಇತ್ತು. ನಾಲ್ಕು ದಿನ ಬಿಟ್ಟು ಕಾಕಾರ ಗಂಟಲಿನ ಆಪರೇಶನ್, ಆಮೇಲೆ ಧ್ವನಿ ಇರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ನೀನು ಮಂಗಳವಾರ ಬರುವವಳಿದ್ದೆ. ಆಯಿ ತೀರಿಕೊಂಡ ಮೇಲೆ ಕಾಕಾ ಒಬ್ಬರೇ. ಇಳಿಹೊತ್ತಿಗೆ ನಾನು ತಾಟಿನಲ್ಲಿ ಬನ್ನಿ ಎಲೆ ಹಾಕಿಕೊಂಡು ಹೊಸ್ತಿಲಲ್ಲಿಟ್ಟು ಬರಲು ಹೋದೆ. ಕಾಕಾ ತಾವೇ ಬಾಗಿಲು ತೆರೆದರು. ನಿಲ್ಲಲು ತ್ರಾಣವಿರಲಿಲ್ಲ. ಒಳಗೆ ಬಂದು ಬಾಗಿಲು ಹಾಕು ಎಂದರು. ಪಾಠಕ್ಕೆ ಕೂತ ಮೂವತ್ತಾರು ವರ್ಷಗಳಲ್ಲಿ ಮೊದಲ ಸಲ ಆ ಹಬ್ಬದ ದಿನ ನಾನು ಆ ಬಾಗಿಲಿನ ಒಳಬದಿಯಲ್ಲಿದ್ದೆ.

ಎಲೆಗಳ ಕೆಳಗೆ ನನ್ನ ಫೋನ್ ಇತ್ತು, ಹನ್ನಾ. ರೆಕಾರ್ಡಿಂಗ್ ಶುರು ಮಾಡಿಯೇ ಬಂದಿದ್ದೆ. ಹೊಸ್ತಿಲಲ್ಲಿಟ್ಟರೂ ಕೊಂಚ ಕೇಳಿಸೀತೆಂಬ ಆಸೆ.

ಅವರು ಪಡುವಣ ಗೋಡೆಯತ್ತ ತಿರುಗಿ ಮೊದಲ ಸಾಲು ಹಾಡಿದರು. ಧ್ವನಿ ಒಡೆದಿತ್ತು, ಸ್ವರ ಒಂದೂ ಜಾರಲಿಲ್ಲ. ಆಮೇಲೆ ನಿಲ್ಲಿಸಿ ನನ್ನತ್ತ ನೋಡಿದರು. ಪಾಠದಲ್ಲಿ ಎಂದೂ ಮುಂದಿನ ಸಾಲು ತಾವಾಗಿ ಹೇಳಿಕೊಡುತ್ತಿರಲಿಲ್ಲವಲ್ಲ, ಕೇಳುತ್ತಿದ್ದರು. ಅದೇ ದನಿಯಲ್ಲಿ ಕೇಳಿದರು: "ಮುಂದ?"

"ನನಗ ಗೊತ್ತಿಲ್ರಿ ಕಾಕಾ" ಎಂದೆ.

ಪ್ರಾರ್ಥನೆಯ ಪುಸ್ತಕದ ಕಡೆಗೆ ತಿರುಗಿ ಉಳಿದದ್ದನ್ನು ಬರೀ ತುಟಿಯಲ್ಲಿ ಮುಗಿಸಿದರು. ಕತ್ತಲಾದ ಮೇಲೆ ಒಣದ್ರಾಕ್ಷಿ ನೆನೆಸಿದ ನೀರನ್ನು ನನಗೂ ಅರ್ಧ ಲೋಟ ಕೊಟ್ಟರು. ಆಪರೇಶನ್ ಆಗಿ ನಲವತ್ತೊಂದು ದಿನ, ತೀರಿಕೊಳ್ಳುವವರೆಗೂ, ಪಾಟಿಯ ಮೇಲೆ ಬರೆದು ಮಾತಾಡಿದರು. ಈ ಸಂಗತಿ ಒಮ್ಮೆಯೂ ಬರೆಯಲಿಲ್ಲ. ನೀನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ನಾನೂ ಹೇಳಲಿಲ್ಲ.

ನನ್ನ ಹತ್ತಿರ ಇರುವುದು ಇಷ್ಟು: ಒಂದು ಸಾಲು, ಒಂದು ಪ್ರಶ್ನೆ, ನನ್ನ ಉತ್ತರ. ಆಮೇಲೆ ಹತ್ತು ನಿಮಿಷ ಅವರ ಉಸಿರು. ಎಲೆಗಳ ಸಂದಿಯಲ್ಲಿ ಫೋನ್ ಕಂಡು, ನೊಂದು, ಅದಕ್ಕೇ ಹಾಡು ನಿಲ್ಲಿಸಿದರೆಂದು ಕಾಣುತ್ತದೆ. ನಾನು ಅದನ್ನು ಒಯ್ಯದಿದ್ದರೆ ಪೂರ್ತಿ ಹಾಡುತ್ತಿದ್ದರು. ನಿನ್ನ ಅಪ್ಪನ ಕೊನೆಯ ಹಾಡನ್ನು ಕೆಡಿಸಿದವಳು ನಾನು. ಕ್ಷಮೆ ಕೇಳಲಿಕ್ಕೂ ಬಾಯಿಲ್ಲ.

ನಿನ್ನ,
ದುರ್ಗಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಓದಿದೆ. ಸುಳ್ಳಿದೆ. ಫೋನ್ ಅವರಿಗೆ ಕಂಡಿರಲಿಲ್ಲ, ಎಲೆಗಳು ದಟ್ಟವಾಗಿದ್ದವು. ನಮ್ಮ ಅಡುಗೆಮನೆಯ ಗೋಡೆಗೆ ಕಿವಿ ಹಚ್ಚಿ ನಾನು ಪ್ರತಿ ವರ್ಷ ಆ ಸಂಜೆ ಕೇಳುತ್ತಿದ್ದೆ. ಮುಚ್ಚಿದ ಬಾಗಿಲಿನ ಹಾಡನ್ನು ಕದ್ದವಳೆಂದು ಯಾರಿಗೂ ಹೇಳಲಿಲ್ಲ. ರೊಟ್ಟಿ ಬಡಿಯುತ್ತ ನಾನು ಗುನುಗಿದ್ದು ಆಚೆಗೆ ಕೇಳಿಸಿರಬೇಕು, ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಒಳಗೆ ಕರೆದರು, ಗೊತ್ತಿದ್ದೇ ಕೇಳಿದರು. ನನಗೆ ಮುಂದಿನ ಸಾಲು ಬರುತ್ತಿತ್ತು, ಕೊನೆಯದೂ ಬರುತ್ತಿತ್ತು. ಫೋನಿನಲ್ಲಿ ನನ್ನ ಧ್ವನಿ ಬೇಡ, ಅವರದೇ ಬೇಕೆಂದು ಗೊತ್ತಿಲ್ಲ ಅಂದೆ.

ಈ ವರ್ಷ ಒಮ್ಮೆಯೂ ಬಾಯಿಬಿಟ್ಟು ಹಾಡಿಲ್ಲ. ಮೂರನೆಯ ಸಾಲಿನ ತಿರುವು ಈಗೀಗ ನೆನಪಿನಲ್ಲಿ ಅಲುಗಾಡುತ್ತಿದೆ. ರೆಕಾರ್ಡ್ ಮಾಡಿ ಕಳಿಸಲಾರೆ. ಕಾಗದ ಸಿಕ್ಕ ದಿನವೇ ರೈಲು ಹತ್ತು. ಎದುರಿಗೆ ಕೂತು ನೀನು "ಮುಂದ?" ಎಂದು ಕೇಳು. ಈ ಸಲ ಹಾಡುತ್ತೇನೆ.