ಇನ್ನೊಂದು ಕಾಲಿಗೆ ನೀರು

ಬಂಟ್ವಾಳ
20 ಫೆಬ್ರವರಿ 2005

ಜಸ್ನಾಳ ಬಾಪನಿಗೆ,

ಅಸ್ಸಲಾಮು ಅಲೈಕುಂ.

“ಇಲ್ಲಿಯ ಮಣ್ಣಿಗೆ ವಾಸನೆಯಿಲ್ಲ.” ಬುರೈದದಿಂದ ನೀವು ಬರೆದ ಮೊದಲ ಪತ್ರದಲ್ಲಿ ಇಂಥ ಒಂದು ಸಾಲಿತ್ತು. ಅಥವಾ “ಇಲ್ಲಿಯ ಮಣ್ಣಿಗೆ ನನ್ನ ವಾಸನೆ ಗೊತ್ತಿಲ್ಲ” ಎಂದು ಬರೆದಿದ್ದಿರೋ? ಪತ್ರವನ್ನು ಗೆದ್ದಲು ತಿಂದು ಎಷ್ಟೋ ಕಾಲವಾಯಿತು. ಸಾಲು ಮಾತ್ರ ಅರ್ಧಂಬರ್ಧ ಉಳಿದುಕೊಂಡಿದೆ. ಎರಡರಲ್ಲಿ ಯಾವುದು ಎನ್ನುವುದು ಇಷ್ಟು ವರ್ಷ ನನಗೆ ಮುಖ್ಯ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತಿದೆ. ಮೊದಲನೆಯದಾದರೆ ಅದು ತಪ್ಪು ಎಂದು ಹೇಳಲು ನನ್ನ ಹತ್ತಿರ ಸಾಕ್ಷಿ ಉಂಟು. ಎರಡನೆಯದಾದರೆ ಅದಕ್ಕೆ ಉತ್ತರ ಕೊಡಬೇಕಾದವಳು ನಾನೇ.

ಉತ್ತರ ತಡವಾದದ್ದಕ್ಕೆ ಬೇಸರಿಸಬೇಡಿ. ನಿಮ್ಮ ಪತ್ರ ಬಕ್ರೀದಿನ ಮೊದಲೇ ತಲುಪಿತ್ತು. ವೀಸಾ ಕೊಟ್ಟ ಅರಬಿ ಕಫೀಲ ಇನ್ನೆರಡು ವರ್ಷಕ್ಕೆ ಕಾಗದ ಮಾಡಿಸಲಾ ಎಂದು ಕೇಳುತ್ತಿದ್ದಾನೆ, ಮಾರ್ಚ್ ಒಳಗೆ ಹೇಳಬೇಕು, ನೀನು ಏನು ಹೇಳುತ್ತೀ ಎಂದು ಬರೆದಿದ್ದಿರಿ. ಫೋನಿನಲ್ಲಿ ಅದನ್ನೇ ಕೇಳಿದಾಗ ನಾನು “ಲೈನ್ ಸರಿಯಿಲ್ಲ” ಎಂದೆ. ಲೈನ್ ಸರಿಯಾಗಿಯೇ ಇತ್ತು. ಪ್ರತಿ ಸಲವೂ ಈ ಪ್ರಶ್ನೆಗೆ ನಾನು ಬರೆಯುತ್ತಿದ್ದದ್ದು ಒಂದೇ ಮಾತು: ನಿಮಗೆ ಸರಿ ಕಂಡಂತೆ ಮಾಡಿ. ಈ ಸಲ ಅದನ್ನು ಬರೆಯಲು ಕೈ ಏಳಲಿಲ್ಲ. ಅಷ್ಟರಲ್ಲಿ ಅಜ್ಮೀರಿಗೆ ಹೊರಡುವ ದಿನ ಬಂತು.

ಮೊದಲು ಊರಿನ ಸುದ್ದಿ. ಜಸ್ನಾ ಬೆಳ್ತಂಗಡಿಯ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ನಿಮ್ಮ ಉಮ್ಮನ ಮೊಣಕಾಲು ನೋವು ಮೊದಲಿನಷ್ಟೇ ಇದೆ. ಆದರೆ ಪ್ರಯಾಣದಲ್ಲಿ ಅವರಿಗೆ ಮೊಣಕಾಲೇ ಇರಲಿಲ್ಲವೇನೋ ಎಂಬಂತೆ ನಡೆದರು. ನಾನೇ ಅವರ ಹಿಂದೆ ಏದುಸಿರು ಬಿಡುತ್ತಾ ಓಡಬೇಕಾಯಿತು.

ವರ್ಷವರ್ಷವೂ ಅಜ್ಮೀರಿಗೆ ಜನ ಕರೆದುಕೊಂಡು ಹೋಗುವ ಮಡಂತ್ಯಾರಿನ ಶರೀಫನ ತಂಡದಲ್ಲಿ ಹೋದೆವು. ಕಂಕನಾಡಿಯಲ್ಲಿ ರೈಲು ಹತ್ತುವಾಗ ಉಮ್ಮನ ಕೈಯಲ್ಲಿ ದೊಡ್ಡದೊಂದು ಕ್ಯಾನು. ಅದರ ತುಂಬ ನಮ್ಮ ಬಾವಿಯ ನೀರು. “ಪರವೂರಿನ ನೀರು ನನಗೆ ಆಗುವುದಿಲ್ಲ” ಎಂದರು. ಗೋವಾ ದಾಟುವ ಮೊದಲೇ ಕ್ಯಾನು ಖಾಲಿ. ಕೇಳಿದವರಿಗೆಲ್ಲ “ನಮ್ಮ ಬಾವಿದು, ಕುಡೀರಿ” ಎಂದು ಲೋಟ ಲೋಟ ಕೊಟ್ಟು ಮುಗಿಸಿದ್ದರು.

ಅಜ್ಮೀರು ಇರುವ ಆ ರಾಜ್ಯವನ್ನು ನಾನು ಭೂಪಟದಲ್ಲಿ ಒಂದು ಹಳದಿ ಬಣ್ಣದ ತುಂಡಾಗಿ ಮಾತ್ರ ನೋಡಿದ್ದೆ. ಪೂರ್ತಿ ಮರಳು ಎಂದುಕೊಂಡಿದ್ದೆ. ಹಾಗಲ್ಲ. ಮಧ್ಯದಲ್ಲಿ ಓರೆಯಾಗಿ ಅರಾವಳಿಯ ಬೆಟ್ಟಸಾಲು ಮಲಗಿದೆ. ನಮ್ಮ ಘಟ್ಟದಂತೆ ಹಸಿರು ಹೊದ್ದದ್ದಲ್ಲ, ಮೂಳೆ ಕಾಣುವ ಮುದಿ ಬೆಟ್ಟಗಳು. ಅದರ ಪೂರ್ವಕ್ಕೆ ಸಾಸಿವೆ ಹೊಲ, ಗೋಧಿ, ದನಕರು. ಪಶ್ಚಿಮಕ್ಕೆ ಹೋದಂತೆ ಒಂದೊಂದೇ ಬಣ್ಣ ಕಳಚಿಕೊಳ್ಳುತ್ತಾ ಬರುತ್ತದೆ. ಜೈಪುರದಲ್ಲಿ ಗೋಡೆಗಳೆಲ್ಲ ಕಾವಿ ಬೆರೆಸಿದ ಗುಲಾಬಿ, ಬೀದಿಗಳೋ ದಾರ ಹಿಡಿದು ಎಳೆದಂತೆ ನೇರ. ಅಜ್ಮೀರು ಬೆಟ್ಟಗಳ ಬೊಗಸೆಯಲ್ಲಿ ಕೂತ ಊರು, ನಡುವೆ ಕೆರೆ. ದರ್ಗಾದಲ್ಲಿ ಉಮ್ಮ ಬಹಳ ಹೊತ್ತು ಕೈಯೆತ್ತಿ ಕೂತಿದ್ದರು. “ಏನು ಕೇಳಿದಿರಿ ಉಮ್ಮ?” ಎಂದರೆ, “ಕೇಳಿದ್ದನ್ನು ನಿನಗೆ ಹೇಳ್ಲಿಕ್ಕೆ ನೀನೇನು ಕೊಡುವವಳಾ?” ಎಂದು ಬಾಯಿ ಮುಚ್ಚಿಸಿದರು.

ಅಲ್ಲಿಂದಲೇ ಹಿಂದಿರುಗಬಹುದಿತ್ತು. ಶರೀಫ, “ಬೇಕಾದವರು ಮರಳುಗಾಡು ನೋಡಿ ಬರುವ, ಬಸ್ಸು ಮಾಡ್ತೇನೆ” ಎಂದ. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಉಮ್ಮ. “ನನ್ನ ಮಗ ಇರುವ ಹಾಗಿನ ಜಾಗ ಹೇಗಿರ್ತದೆ, ಒಮ್ಮೆ ಕಣ್ಣಲ್ಲಿ ನೋಡ್ತೇನೆ” ಎಂದರು. ನನಗೂ ಅದೇ ಆಸೆ ಇತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ.

ಜೋಧಪುರದ ದಾರಿಯಲ್ಲಿ ಒಂದು ಸೇತುವೆ. ಕೆಳಗೆ ಬರೀ ಮರಳು. ಅಜ್ಮೀರಿನ ಬೆಟ್ಟಗಳಲ್ಲಿ ಹುಟ್ಟುವ ಲೂನಿ ಎಂಬ ನದಿಯ ಬಗ್ಗೆ ನಾನು ಓದಿದ್ದೆ. ಅದು ಪಶ್ಚಿಮಕ್ಕೆ ಹರಿದು, ಅರ್ಧ ದಾರಿಯಲ್ಲಿ ಉಪ್ಪಾಗಿ, ಕೊನೆಗೆ ಕಛ್‌ನ ಜೌಗಿನಲ್ಲಿ ಇಂಗಿಹೋಗುತ್ತದೆಯಂತೆ. ಉಮ್ಮನಿಗೆ ಹೇಳಿದೆ.

“ಸಮುದ್ರಕ್ಕೆ ಹೋಗದ ನದಿ ಉಂಟಾ? ಪಾಪ, ಅದಕ್ಕೆ ಯಾರೂ ದಾರಿ ಹೇಳಿಲ್ವಾ?”

“ನಿಮ್ಮ ನೇತ್ರಾವತಿಯನ್ನು ಕಳಿಸಿ ಆಸ್ಯಮ್ಮ, ಹೇಳಿಕೊಡ್ಲಿ” ಎಂದ ಶರೀಫ.

“ಅವಳಾ? ಮಳೆಗಾಲದಲ್ಲಿ ಅವಳೇ ದಾರಿ ತಪ್ಪಿ ನಮ್ಮ ಪೇಟೆಯೊಳಗೆ ಬರ್ತಾಳೆ. ಅವಳೆಂಥ ಹೇಳಿಕೊಡುವುದು!”

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹುಟ್ಟಿದ ಬೆಟ್ಟದಿಂದ ಹೊರಟು ಮರಳಲ್ಲೇ ಮುಗಿದುಹೋಗುವ ಆ ನದಿ ಮನಸ್ಸಿನಿಂದ ಹೋಗಲಿಲ್ಲ.

ಜೋಧಪುರ ಕೋಟೆಯ ಮೇಲಿನಿಂದ ನೋಡಿದರೆ ಬಟ್ಟೆಗೆ ಹಾಕುವ ನೀಲಿಯನ್ನು ಊರಿನ ಮೇಲೆ ಚೆಲ್ಲಿದ ಹಾಗೆ. ಅಲ್ಲಿಂದ ಮುಂದೆ ಮರಗಳು ಗಿಡವಾದವು, ಗಿಡಗಳು ಮುಳ್ಳಾದವು. ಪೋಖ್ರಾನ್ ದಾಟಿದ ಮೇಲೆ ಬಸ್ಸಿನ ಟಯರು ಒಡೆಯಿತು. ನೆರಳೆಂದರೆ ರಸ್ತೆಯಿಂದ ಸ್ವಲ್ಪ ದೂರದಲ್ಲಿ ಒಂದು ಮರ, ಅದರ ಬಳಿ ಮಣ್ಣುಗೋಡೆಯ ಉರುಟು ಗುಡಿಸಲುಗಳು. ಶರೀಫ ಕೇಳಿಕೊಂಡು ಬಂದ. ನಮ್ಮವರದೇ ಮನೆ, ಹೆಂಗಸರು ಬಂದು ಕೂರಬಹುದು ಎಂದರಂತೆ.

ಉಮ್ಮನೇ ಮುಂದೆ ನಡೆದರು. ಬಾಗಿಲ ಬಲಗಡೆ ಕಟ್ಟೆಯ ಮೇಲೆ ದೊಡ್ಡ ಮಣ್ಣಿನ ಮಡಕೆ, ಮೇಲೊಂದು ಚೆಂಬು. ನಮ್ಮ ಹಳೆಯ ಮನೆಯ ಬಾಗಿಲಲ್ಲಿ ಕಾಲು ತೊಳೆಯುವ ನೀರಿಗೆ ಕಲ್ಲಿನ ಮರಿಗೆ ಇತ್ತಲ್ಲ, ಸರಿಯಾಗಿ ಅದೇ ಜಾಗದಲ್ಲಿ. ಪರರ ಮನೆಗೆ ದೂಳುಗಾಲಲ್ಲಿ ಹೋಗುವವರೇ ಉಮ್ಮ? ಚೆಂಬು ತುಂಬ ನೀರು ತೆಗೆದು ಬಲಗಾಲಿನ ಮೇಲೆ ಹೊಯ್ದು ಉಜ್ಜಿಕೊಂಡರು.

“ಅಯ್ಯೋ ಆಸ್ಯಮ್ಮ, ಎಂಥ ಮಾಡಿದ್ರಿ! ಅದು ಕುಡಿಯುವ ನೀರು!” ಎಂದು ಶರೀಫ ಹಿಂದಿನಿಂದ ಕೂಗಿದ.

ಬಾಗಿಲಲ್ಲಿದ್ದ ಆ ಮನೆಯ ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಳೆಗಾಲದ ನೀರನ್ನು ನೆಲದೊಳಗಿನ ತೊಟ್ಟಿಯಲ್ಲಿ ಹಿಡಿದಿಟ್ಟು, ಅದನ್ನು ಅವಳು ದೂರದಿಂದ ತಲೆಯ ಮೇಲೆ ಹೊತ್ತು ತರುವುದು ಎಂದು ಆಮೇಲೆ ತಿಳಿಯಿತು. ಉಮ್ಮ ಅಲ್ಲೇ ನಿಂತುಬಿಟ್ಟರು, ಒಂದು ಕಾಲು ಒದ್ದೆ, ಇನ್ನೊಂದು ಕಾಲು ದೂಳು, ಕೈಯಲ್ಲಿ ಚೆಂಬು. ಇಷ್ಟು ವರ್ಷದಲ್ಲಿ ಅವರ ಮುಖ ಹಾಗೆ ಬಾಡಿದ್ದನ್ನು ನಾನು ನೋಡಿಲ್ಲ.

ಒಳಗಿನಿಂದ ಅಜ್ಜಿಯೊಬ್ಬರು ಬಂದರು, ಉಮ್ಮನದೇ ವಯಸ್ಸು. ಕಾಲು ನೋಡಿದರು, ಮುಖ ನೋಡಿದರು. ಹಲ್ಲಿಲ್ಲದ ಬಾಯಿಯಲ್ಲಿ ನಕ್ಕುಬಿಟ್ಟರು. ಚೆಂಬನ್ನು ಉಮ್ಮನ ಕೈಯಿಂದ ತೆಗೆದುಕೊಂಡು, ಮಡಕೆಯಲ್ಲಿ ಅದ್ದಿ, ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಕಾಲಿಗೆ ತಾವೇ ನೀರು ಹೊಯ್ದರು. ಬೆರಳ ಸಂದಿಯ ದೂಳನ್ನೂ ಬಿಡದೆ ತೊಳೆದರು. ಏನೋ ಹೇಳಿದರು. ಶರೀಫ ಅದನ್ನು ನಮಗೆ ದಾಟಿಸಿದ: “ಒಂದು ಕಾಲು ಹೊರಗೆ ಬಿಟ್ಟು ಒಳಗೆ ಬರ್ಲಿಕ್ಕಿಲ್ಲವಂತೆ.”

ಆಗ ಬಂತು ನೋಡಿ ಆ ವಾಸನೆ. ನೀರು ಬಿದ್ದಲ್ಲಿ ಮರಳು ಕ್ಷಣದಲ್ಲಿ ಹೀರಿಕೊಂಡು, ಅಲ್ಲಿಂದ ನಮ್ಮ ಅಂಗಳದ ಮೊದಲ ಮಳೆಯ ವಾಸನೆಯೇ ಎದ್ದಿತು. ನಾನು ಬಾಗಿ ಮೂಸಿದೆ, ಯಾರು ಏನೆಂದುಕೊಂಡರೋ. ಮಣ್ಣಿಗೆ ವಾಸನೆ ಉಂಟು. ಯಾರಾದರೂ ನೀರು ಹೊಯ್ಯಬೇಕು, ಅಷ್ಟೆ.

ಒಳಗೆ ಒಂಟೆ ಹಾಲಿನ ಚಹಾ ಕೊಟ್ಟರು. ಭಾಷೆ ಬಾರದಿದ್ದರೂ ಇಬ್ಬರು ಮುದುಕಿಯರಿಗೆ ಮಾತು ನಿಲ್ಲಲಿಲ್ಲ. ಆ ಅಜ್ಜಿಯ ಮಗ ಕುರಿ ಹೊಡೆದುಕೊಂಡು ಮೇವು ಇರುವ ಊರುಗಳಿಗೆ ಹೋದವನು, ಮಳೆ ಬಿದ್ದ ಮೇಲೆ ವಾಪಸು. ನಮಾಜಿನ ಹೊತ್ತಿನ ಬೊಗಸೆ ನೀರು ಬಿಟ್ಟರೆ ಉಳಿದ ದಿನ ಆ ಮನೆಯಲ್ಲಿ ಯಾರೂ ಕಾಲಿಗೆ ನೀರು ಮುಟ್ಟಿಸುವುದಿಲ್ಲ. ಅವನು ಬಂದ ದಿನ ಮಾತ್ರ ಬಾಗಿಲಲ್ಲಿ ನಿಲ್ಲಿಸಿ ಅವನ ಎರಡೂ ಕಾಲು ತೊಳೆದು ಒಳಗೆ ಕರೆಯುತ್ತಾರಂತೆ. ಶರೀಫ ಇದನ್ನು ಹೇಳಿದಾಗ ಉಮ್ಮ ಚಹಾದ ಲೋಟ ಕೆಳಗಿಟ್ಟರು.

ಬಸ್ಸು ಹೊರಟ ಮೇಲೆ ಉಮ್ಮ ಕೇಳಿದರು: “ಸಾಲಿಹಾ, ನಮ್ಮ ಮರಿಗೆ ಈಗ ಎಲ್ಲುಂಟು?”

“ಪಕ್ಕದ ಮನೆ ರಾಜೀವಿಯ ಹಟ್ಟಿಯಲ್ಲಿ ಉಮ್ಮ. ದನಕ್ಕೆ ನೀರು ಕೊಡ್ಲಿಕ್ಕೆ ಅಂತ ಕೊಟ್ಟದ್ದಲ್ವಾ, ಹೊಸ ಮನೆ ಕಟ್ಟುವಾಗ?”



ಜೈಸಲ್ಮೇರನ್ನು ನಿಮಗೆ ಹೇಗೆ ಹೇಳಲಿ? ಕೋಟೆ, ಮನೆ, ಬೀದಿ ಎಲ್ಲ ಒಂದೇ ಹಳದಿ ಕಲ್ಲು. ಸಂಜೆ ಬಿಸಿಲಿಗೆ ಊರಿಗೆ ಊರೇ ಜೇನು ಬಣ್ಣಕ್ಕೆ ತಿರುಗುತ್ತದೆ. ಊರ ಹೊರಗೆ ಹಿಂದಿನವರು ಕಟ್ಟಿಸಿದ ಕೆರೆ. ಆ ಕೆರೆಯ ದಂಡೆಯಲ್ಲಿ ಕೂತು ನಿಮ್ಮನ್ನು ನೆನೆದೆ. ನೀವು ಪ್ರತಿ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಎದುರಿಗೆ ಕಾಣುವುದು ಇಂಥದ್ದೇ ನೆಲ, ಇಂಥದ್ದೇ ಬೆಳಕು. ಇಷ್ಟು ವರ್ಷ ಅದನ್ನು ಒಬ್ಬರೇ ನೋಡಿದಿರಿ. ಲಾಡ್ಜಿನಲ್ಲಿ ಉಮ್ಮ ಎಲ್ಲರ ನಲ್ಲಿಗೂ ಕಾವಲು. “ಶರೀಫಾ, ನೀನೇನು ಎಮ್ಮೆಯಾ? ಎಷ್ಟು ಬಕೆಟ್ ಸುರಿಯುವುದು?” ಎಂದು ಬಾಗಿಲು ಬಡಿದರು. ತಾವು ಮಾತ್ರ ಊರು ತಲುಪುವವರೆಗೂ ಅರ್ಧ ಲೋಟಕ್ಕಿಂತ ಹೆಚ್ಚು ನೀರು ಕೇಳಲಿಲ್ಲ.

ನಿಮಗೆ ನಾನು ಎಷ್ಟು ಋಣಿ ಎಂದು ಎಂದೂ ಬರೆದಿಲ್ಲ. ನಾನು ಎಂ.ಎ. ಕಟ್ಟುತ್ತೇನೆ ಎಂದಾಗ ಉಮ್ಮ ಬೇಡ ಎಂದಿದ್ದರು. ನೀವು ಅಲ್ಲಿಂದ “ಅವಳು ಓದಲಿ” ಎಂದು ಅವರಿಗೊಂದು ಪತ್ರ ಬರೆದಿರಿ. ಅವರಿಗೆ ಓದಲು ಬಾರದು. ನನ್ನ ಪರವಾದ ಪತ್ರವನ್ನು ನಾನೇ ಗಟ್ಟಿಯಾಗಿ ಓದಬೇಕಾಯಿತು. “ಅರ್ಧ ನೀನೇ ಸೇರಿಸಿ ಓದಿದ್ದಲ್ವಾ?” ಎಂದರು. ಆದರೂ ಪರೀಕ್ಷೆಯ ದಿನ ಬೆಳಿಗ್ಗೆ ಬುತ್ತಿ ಕಟ್ಟಿದವರು ಅವರೇ. ನಾನು ಓದಿದ ಒಂದೊಂದು ಕವಿತೆಯ ಹಿಂದೆ ನಿಮ್ಮ ಒಂದೊಂದು ಬಿಸಿಲಿನ ದಿನ ಇದೆ. ಮನೆ ಆಯಿತು, ಜಸ್ನಾಳ ಮದುವೆ ಆಯಿತು, ಈ ಪ್ರಯಾಣವೂ ನಿಮ್ಮಿಂದಲೇ. ನೀವು ಕೊಟ್ಟದ್ದು ಸಾಕಷ್ಟಾಯಿತು.

ಆದ್ದರಿಂದ ಈ ಸಲ “ನಿಮಗೆ ಸರಿ ಕಂಡಂತೆ” ಎಂದು ಬರೆಯುವುದಿಲ್ಲ. ಕಫೀಲನಿಗೆ ಬೇಡ ಎಂದು ಹೇಳಿ. ಬನ್ನಿ. “ಊರಿಗೆ ಬಂದು ನಾನು ಮಾಡುವುದೇನು?” ಎಂದು ಕೇಳಿದ್ದೀರಿ. ನನಗೂ ಗೊತ್ತಿಲ್ಲ. ಬಂದ ಮೇಲೆ ಇಬ್ಬರೂ ಕೂತು ಯೋಚಿಸುವ.

ಉಮ್ಮನ ದುವಾ ನಿಮ್ಮ ಮೇಲೆ ಇದೆ. ನೀರು ಹೆಚ್ಚು ಕುಡಿಯಬೇಕು ಎಂದು ಬರೆಯಲು ಹೇಳಿದ್ದಾರೆ. ಅಲ್ಲಾಹು ನಿಮ್ಮನ್ನು ಆರೋಗ್ಯದಲ್ಲಿ, ಸಮಾಧಾನದಲ್ಲಿ ಇಟ್ಟಿರಲಿ.

ನಿಮ್ಮ
ಸಾಲಿಹಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಕಳೆದ ರಜೆಯಲ್ಲಿ ನೀವು ಬಂದಾಗ ಹೊಸ ಮನೆಯನ್ನು ಮೊದಲ ಸಲ ನೋಡಿದ್ದು. ಉಮ್ಮ, ನಾನು, ಜಸ್ನಾ ಎದುರು ಬಾಗಿಲಲ್ಲಿ ಕಾದಿದ್ದೆವು. ನೀವು ಗ್ರಾನೈಟಿನ ಮೆಟ್ಟಿಲ ಬಳಿ ಶೂ ಕೈಯಲ್ಲಿ ಹಿಡಿದು ನಿಂತಿರಿ. ಬಲಗಡೆ ನೋಡಿದಿರಿ. ಅಲ್ಲಿ ಮರಿಗೆ ಇರಲಿಲ್ಲ. ಮನೆಯನ್ನು ಸುತ್ತಿ ಹೋಗಿ, ಹಿಂದಿನ ನಲ್ಲಿಯಲ್ಲಿ ಕಾಲು ತೊಳೆದು, ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಂದಿರಿ. ಎಲ್ಲರೂ ನಕ್ಕರು. ಮರುದಿನ ನೀವು ನನ್ನೊಬ್ಬಳಲ್ಲಿ, “ಯಾರದೋ ಮನೆಗೆ ಬಂದ ಹಾಗಾಯಿತು” ಎಂದಿರಿ. ರಜೆ ಮುಗಿಯುವವರೆಗೂ ಹಿಂದಿನ ಬಾಗಿಲಲ್ಲೇ ಓಡಾಡಿದಿರಿ. ನೀವೇ ಕಟ್ಟಿಸಿದ ಮನೆಯ ಎದುರು ಬಾಗಿಲಲ್ಲಿ ನೀವು ಇನ್ನೂ ಒಳಗೆ ಬಂದಿಲ್ಲ. ಇದು ನನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ನಾವು ಪ್ರಯಾಣ ಮುಗಿಸಿ ಊರಿಗೆ ಬಂದ ಮರುದಿನ ಬೆಳಿಗ್ಗೆ ಉಮ್ಮ, “ಅವನು ಅಡುಗೆಮನೆಯಿಂದ ಬಂದದ್ದು ನಾನು ಮರೆತಿಲ್ಲ” ಎಂದು ಹೇಳಿ ನೇರ ಪಕ್ಕದ ಮನೆಗೆ ನಡೆದರು.

ರಾಜೀವಿಯ ಗಂಡ ಗುರುವಪ್ಪಣ್ಣ ಇಬ್ಬರು ಆಳುಗಳನ್ನು ಸೇರಿಸಿ, ಮರದ ತುಂಡುಗಳ ಮೇಲೆ ಉರುಳಿಸುತ್ತಾ ಮರಿಗೆಯನ್ನು ತಂದು ಹಳೆಯ ಜಾಗದಲ್ಲೇ ಇಟ್ಟುಕೊಟ್ಟರು. ಗ್ರಾನೈಟಿನ ಪಕ್ಕ ಅದು ಚೆಂದ ಕಾಣುವುದಿಲ್ಲ. ಇರಲಿ. ಉಮ್ಮ ತಾವೇ ತಿಕ್ಕಿ ತೊಳೆದು ನೀರು ತುಂಬಿಸಿದ್ದಾರೆ.

ಈಗಷ್ಟೆ ರಾಜೀವಿ ಬಂದು ಬಾಗಿಲಲ್ಲಿ ನಿಂತಿದ್ದಳು. ಮರಿಗೆಯ ನೀರಿಗೆ ಬೆರಳು ಅದ್ದಿ ನೋಡಿ, ನನ್ನ ಕೈಯಲ್ಲಿದ್ದ ಈ ಕಾಗದ ನೋಡಿ ಹೇಳಿದಳು:

“ಸಾಲಿಹಕ್ಕ, ದನಕ್ಕೆ ಬಕೆಟ್ ಇಟ್ಟಿದ್ದೇನೆ, ಅದಕ್ಕೆ ತೊಂದರೆ ಇಲ್ಲ. ಆದ್ರೆ ನಿಂತ ನೀರು, ಸೊಳ್ಳೆ ಆಗ್ತದೆ. ಕಾಲು ತೊಳೆಯುವ ಜನ ಬರ್ತಾರಾ ಇಲ್ವಾ ಅಂತ ಅದರಲ್ಲೇ ಕೇಳಿ ಬರೀರಿ ಮಾರಾಯ್ತಿ.”