ಟಿಲ್ಲಿ ಹೇಳಬೇಡವೆಂದದ್ದು

ಇಪ್ಸ್ವಿಚ್
ಜನವರಿ 17, ಗುರುವಾರ

ಬ್ರಿಯೋನಿ ಅವರಿಗೆ,

ಏನೆಂದು ಕರೆದು ಶುರು ಮಾಡಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ‘ಪ್ರೀತಿಯ’ ಎಂದು ಬರೆದರೆ ನಿಮಗೆ ನಗು ಬಂದೀತು. ನಿಮ್ಮಿಂದ ಬೇರೆಯಾದ ಗ್ಲೆನ್‌ನ ಮನೆಯಲ್ಲಿ ಈಗ ಇರುವವಳು ನಾನು. ಟಿಲ್ಲಿಯನ್ನು ಬಿಡಲು ಬಂದಾಗ ಕಾರಿನ ಕಿಟಕಿಯೊಳಗಿಂದ ನಿಮ್ಮತ್ತ ತಲೆಯಾಡಿಸಿದ್ದುಂಟು, ಮಾತಾಡಿದ್ದಿಲ್ಲ.

ನಿಮ್ಮ ಮಗಳು ಈಗ ಚೆನ್ನಾಗಿದ್ದಾಳೆ. ಉಳಿದದ್ದನ್ನು ಓದುವ ಮೊದಲು ಇದೊಂದನ್ನು ನಂಬಿ. ನಾನು ಇದನ್ನು ಬರೆಯುವಾಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ, ಮಧ್ಯಾಹ್ನ ಎರಡು ತುಂಡು ಟೋಸ್ಟ್ ತಿಂದಳು.

ಅವಳಿಗೆ ಐಸ್‌ಕ್ರೀಮ್ ಜಾಸ್ತಿಯಾಗಿ ಹೊಟ್ಟೆ ಕೆಟ್ಟಿದೆ, ಅದಕ್ಕೇ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳುತ್ತೇವೆ ಎಂದು ಗ್ಲೆನ್ ನಿಮಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಅವನು ಹಾಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತು ಪಾತ್ರೆ ತೊಳೆಯುತ್ತಿದ್ದೆ. ಶನಿವಾರ ಅವಳನ್ನು ವಾರ್ವಿಕ್‌ಗೆ ನಾನೇ ಕರೆತರುತ್ತೇನೆ. ನಿಮ್ಮ ಬಾಗಿಲಲ್ಲಿ, ಅವಳ ಎದುರಿಗೆ, ಇದನ್ನೆಲ್ಲ ಹೇಳುವ ಧೈರ್ಯ ನನಗಿಲ್ಲ. ಅದಕ್ಕೆ ಈ ಕಾಗದ. ನಿಮ್ಮ ಕೈಗಿಟ್ಟು ಹೋಗುತ್ತೇನೆ.

ಕಳೆದ ಶುಕ್ರವಾರ ನಾವು ಗೋಲ್ಡ್ ಕೋಸ್ಟಿನ ಥೀಮ್ ಪಾರ್ಕಿಗೆ ಹೋದೆವು. ಗ್ಲೆನ್ ಕ್ರಿಸ್‌ಮಸ್‌ಗೆ ಮುಂಚಿನಿಂದಲೇ ಅವಳಿಗೆ ಆಸೆ ಹಚ್ಚಿದ್ದ. ಜನವರಿಯ ನಡುಬೇಸಿಗೆ, ಸುಡುವ ಬಿಸಿಲು, ಶಾಲೆಗಳಿಗೆಲ್ಲ ರಜೆ, ಎಲ್ಲಿ ನೋಡಿದರೂ ಸಾಲು. ಟಿಲ್ಲಿ ನೀವು ಕಳಿಸಿದ್ದ ಅಗಲ ಅಂಚಿನ ಟೋಪಿ, ಬೆಳಕಿನ ಉರಿ ತಡೆಯುವ ಆ ಗುಲಾಬಿ ಬಣ್ಣದ ಗಾಜಿನ ಕನ್ನಡಕ ಎರಡನ್ನೂ ಹಾಕಿಕೊಂಡೇ ಕಾರಿನಿಂದಿಳಿದಳು. ಗೇಟಿನ ಹತ್ತಿರ ಫೋಟೋ ತೆಗೆಯುವಾಗ ಗ್ಲೆನ್, “ಅದೇನೇ ಅದು ಅಜ್ಜಿ ಕನ್ನಡಕ? ತೆಗಿ, ಮುಖ ಕಾಣ್ಲಿ,” ಅಂದ. ಅವಳು ತೆಗೆದಳು. ಅವನು ಅದನ್ನು ತನ್ನ ಚಡ್ಡಿಯ ಜೇಬಿಗೆ ಹಾಕಿಕೊಂಡ. ಮತ್ತೆ ಕೇಳಿದಾಗ, “ಒಂದಿನ ಎಲ್ಲಾ ಮಕ್ಕಳ ಥರ ಇರೋಕಾಗಲ್ವಾ?” ಎಂದ. ಆಮೇಲೆ ಅವಳು ಕೇಳಲಿಲ್ಲ.

ಅವಳ ತಲೆನೋವಿನ ಮಾತ್ರೆಗಳು ನನ್ನ ಕೈಚೀಲದಲ್ಲಿದ್ದವು. ಡಬ್ಬಿಯ ಮೇಲೆ ನೀವು ಅಂಟಿಸಿದ್ದ ಚೀಟಿಯನ್ನು ಓದಿದ್ದೆ: ಮೊದಲ ಸೂಚನೆಗೇ ಕೊಡಿ, ಕಾಯಬೇಡಿ. ಆದರೆ ಮೊದಲ ಸೂಚನೆ ಎಂದರೇನು ಎಂಬುದು ನನಗೆ ತಿಳಿದಿರಲಿಲ್ಲ. ನೀರಾಟದ ಕೊಳದ ಮೇಲೆ ಬಿಸಿಲು ಪುಡಿಪುಡಿಯಾಗಿ ಕುಣಿಯುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ ಕೂತು ಆಕಳಿಸುತ್ತಿದ್ದಳು, ಒಂದರ ಹಿಂದೆ ಒಂದು. ರಾತ್ರಿ ಖುಷಿಯಲ್ಲಿ ನಿದ್ದೆ ಮಾಡಿಲ್ಲ ಎಂದುಕೊಂಡೆ, ಆ ಆಕಳಿಕೆಯೇ ಸೂಚನೆಯೆಂದು ಆಮೇಲೆ ತಿಳಿಯಿತು. “ತಲೆ ನೋಯ್ತಿದೆಯಾ ಪುಟ್ಟಾ?” ಎಂದು ಕೇಳಿದೆ. ಅವಳು ಅಪ್ಪನ ಕಡೆ ನೋಡಿ, “ಇಲ್ಲಪ್ಪ, ಏನಿಲ್ಲ,” ಅಂದಳು. ತಿನ್ನಲು ಕೊಡಿಸಿದ ಆಲೂ ಚಿಪ್ಸನ್ನು ಕಡಲಹಕ್ಕಿಗಳಿಗೆ ಹಾಕಿದಳು.

ಮಧ್ಯಾಹ್ನ ಗ್ಲೆನ್ ನಮ್ಮನ್ನು ಕತ್ತಲ ಗುಹೆಯೊಳಗೆ ಓಡುವ ರೈಲಿನ ಆಟಕ್ಕೆ ಕರೆದುಕೊಂಡು ಹೋದ. ಬಾಗಿಲಲ್ಲಿ ಹಳದಿ ಫಲಕ, ಒಳಗೆ ಮಿಂಚಿನಂತೆ ಬಡಿಯುವ ದೀಪಗಳಿವೆ ಎಂಬ ಎಚ್ಚರಿಕೆ. ಟಿಲ್ಲಿ ಅದರ ಮುಂದೆ ನಿಂತುಬಿಟ್ಟಳು. ಒಂದೊಂದೇ ಪದ ಓದಿದಳು.

“ಅಪ್ಪಾ, ನೀವಿಬ್ರು ಹೋಗ್ಬನ್ನಿ. ನಾನು ಇಲ್ಲೇ ನೆರಳಲ್ಲಿ ಕೂತಿರ್ತೀನಿ.”

“ಅದು ಫಿಟ್ಸ್ ಬರೋರಿಗೆ ಕಣೇ. ನಿಂಗೇನಾಗಿದೆ?”

“ಏನಿಲ್ಲ, ಸುಮ್ನೆ.”

“ಶುರುವಾಯ್ತು ನೋಡು,” ಎಂದು ಗ್ಲೆನ್ ನನ್ನತ್ತ ತಿರುಗಿದ. “ಥೇಟ್ ಅವರಮ್ಮನ ನಾಟಕ. ಇನ್ನು ಕರ್ಟನ್ ಎಳೀರಿ, ಸದ್ದು ಮಾಡ್ಬೇಡಿ, ಉಸಿರಾಡ್ಬೇಡಿ.”

ಸಾಲಿನಲ್ಲಿದ್ದ ಒಂದಿಬ್ಬರು ನಕ್ಕರು. ಅವಳ ಕಿವಿಗಳು ಕೆಂಪಾದವು. ಆಮೇಲೆ ತಾನೇ ಮುಂದೆ ನಡೆದು ಹೋಗಿ ಮೊದಲ ಡಬ್ಬಿಯಲ್ಲಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಬೇಡ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸಾಲಿನಲ್ಲಿ ಜಗಳ ಯಾಕೆ ಎಂದು ಸುಮ್ಮನಾದೆ. ಬೇರೆ ಕಾರಣವೇನೂ ಇರಲಿಲ್ಲ.

ಒಳಗಿನದನ್ನು ನಿಮಗೆ ವರ್ಣಿಸುವುದಿಲ್ಲ. ಬಿಳಿ ಬೆಳಕು ಕಣ್ಣಿನ ಮೇಲೇ ಹೊಡೆಯುತ್ತಿತ್ತು, ನನಗೇ ತಡೆಯಲಾಗಲಿಲ್ಲ. ಅವಳು ತಲೆಯನ್ನು ನನ್ನ ತೊಡೆಗೆ ಒತ್ತಿ, ನನ್ನ ಅಂಗಿಯನ್ನು ಮುಖಕ್ಕೆ ಎಳೆದುಕೊಂಡಳು. ಹೊರಗೆ ಬಂದಾಗ ಎದುರಿಗೇ ಇದ್ದ ಕಂಬಿಯನ್ನು ಹಿಡಿಯಲು ಹೋಗಿ ಗಾಳಿಯನ್ನು ಹಿಡಿದಳು. “ಅಪ್ಪನ ಮುಖ ಅರ್ಧ ಇಲ್ಲ,” ಅಂದಳು. ಗ್ಲೆನ್ ನಕ್ಕ. ನೀರು ಬೇಕೇ ಎಂದು ಕೇಳಿದೆ. “ಕಿಟಕಿ,” ಅಂದಳು. “ಕಿಟಕಿ ಕೊಡು.” ತಾನು ಹೇಳಿದ್ದು ತಪ್ಪು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಸರಿಯಾದ ಪದಕ್ಕಾಗಿ ಬಾಯಿ ತೆರೆದು ಮುಚ್ಚಿ ಮಾಡುತ್ತ ನನ್ನನ್ನೇ ನೋಡಿದಳು. ಆ ನೋಟ ನನ್ನನ್ನು ಬಿಡುತ್ತಿಲ್ಲ, ಬ್ರಿಯೋನಿ.

ಆಮೇಲೆ ವಾಂತಿ. ಬಲಗೈ ಜೋತುಬಿತ್ತು. ನಾನು ಎತ್ತಿಕೊಂಡು ಓಡಿದೆ. ಹತ್ತು ವರ್ಷದ ಹುಡುಗಿ, ಆದರೂ ಭಾರ ಅನ್ನಿಸಲಿಲ್ಲ. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿದ್ದ ವಯಸ್ಸಾದ ನರ್ಸ್ ಒಂದು ಪ್ರಶ್ನೆಯನ್ನೂ ಕೇಳದೆ ಮೊದಲು ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಆಂಬುಲೆನ್ಸಿಗೆ ಹೇಳಿದರು. ಹೊರಗೆ ಮೆರವಣಿಗೆಯ ಡ್ರಮ್ಮು. ಬಾಗಿಲಾಚೆ ಗ್ಲೆನ್ ಆ ನರ್ಸಿನೊಂದಿಗೆ ವಾದ ಮಾಡುತ್ತಿದ್ದ.

“ಆಂಬುಲೆನ್ಸ್ ಯಾಕ್ರೀ? ಬರೀ ತಲೆನೋವು. ಮನೇಲಿ ಮಲಗಿದ್ರೆ ಸರಿಹೋಗತ್ತೆ.”

“ಸ್ವಾಮಿ, ಮಗು ಕೈ ಎತ್ತಕ್ಕಾಗ್ತಿಲ್ಲ. ನೀವು ದಾರಿ ಬಿಡಿ,” ಅಂದರು ಆಕೆ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ರಕ್ತಸ್ರಾವವಿಲ್ಲ. ಮಾತನ್ನೂ ಒಂದು ಪಕ್ಕದ ಶಕ್ತಿಯನ್ನೂ ಸ್ವಲ್ಪ ಹೊತ್ತು ಕಸಿದುಕೊಳ್ಳುವ ಬಗೆಯ ಮೈಗ್ರೇನ್ ಎಂದರು. ಮಾತು ಮಾರನೇ ದಿನ ಬಂತು, ಕೈ ಅದರ ಮರುದಿನ. ಬಲಗೈಯ ಕೊನೆಯ ಎರಡು ಬೆರಳುಗಳ ತುದಿ ಇನ್ನೂ ಜೋಮು. ತಾನಾಗಿ ಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರ್, ಮಾತು ಕೊಡಲಿಲ್ಲ. ಪುಸ್ತಕ ಹಿಡಿದರೆ ಸಾಲಿನ ಕೊನೆ ಅಳಿಸಿದಂತೆ ಕಾಣುತ್ತದಂತೆ. ಹಾಗಾಗಿ ಓದುತ್ತಿಲ್ಲ. ಅವರು ಬರೆದುಕೊಟ್ಟ ಕಾಗದಗಳು ಅವಳ ಚೀಲದ ಮುಂದಿನ ಜೇಬಿನಲ್ಲಿವೆ. ದಯವಿಟ್ಟು ಸೋಮವಾರವೇ ನಿಮ್ಮ ಡಾಕ್ಟರಿಗೆ ತೋರಿಸಿ.

ಮಾತು ಬಂದ ದಿನ ಅವಳು ಮೊದಲು ಹೇಳಿದ್ದು ನನ್ನ ಹತ್ತಿರ. ಗ್ಲೆನ್ ಕಾಫಿ ತರಲು ಕೆಳಗೆ ಹೋಗಿದ್ದ. ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು:

“ಕೊರಿನ್, ಅಮ್ಮಂಗೆ ಹೇಳ್ಬೇಡ.”

“ಯಾಕೆ ಪುಟ್ಟಾ?”

“ಹೇಳಿದ್ರೆ ಅಪ್ಪನ ಹತ್ರ ಕಳಿಸಲ್ಲ. ಅಪ್ಪಂಗೂ ಹೇಳ್ಬೇಡ, ನಿಮ್ಮನೇಲಿ ಮುಂಚೇನೂ ತಲೆನೋವು ಬಂದಿತ್ತು ಅಂತ. ಅಮ್ಮನ ಥರಾನೇ ಅಂದ್ರೆ ಅಪ್ಪಂಗೆ ನಾನು ಇಷ್ಟ ಆಗಲ್ಲ.”

ಈ ರಜೆಯಲ್ಲಿ ನಮ್ಮ ಮನೆಯಲ್ಲಿ ಅವಳಿಗೆ ಆಗಲೇ ಹಲವು ಸಲ ಬಂದಿತ್ತಂತೆ. ಬಚ್ಚಲುಮನೆಗೆ ಹೋಗಿ ದೀಪ ಆರಿಸಿ, ಬಾಗಿಲ ಸಂದಿಗೆ ಟವೆಲ್ ಒತ್ತಿ, ತಣ್ಣನೆಯ ನೆಲಕ್ಕೆ ಕೆನ್ನೆಯಿಟ್ಟು ಮಲಗುತ್ತಿದ್ದಳಂತೆ. ನಮಗೆ ಅನುಮಾನ ಬಾರದಿರಲೆಂದು ನಲ್ಲಿ ಬಿಟ್ಟಿರುತ್ತಿದ್ದಳು. ನಾನು ಹೊರಗಿನಿಂದ ಬಾಗಿಲು ತಟ್ಟಿ, “ಸಾಕು ಮಾರಾಯ್ತಿ, ಮೀನಾಗಿಬಿಡ್ತೀಯ,” ಎಂದು ತಮಾಷೆ ಮಾಡಿದ್ದೇನೆ. ಒಳಗಿನಿಂದ ನಗುವೂ ಕೇಳಿಸುತ್ತಿತ್ತು.

ಯಾರಿಗೂ ಹೇಳುವುದಿಲ್ಲ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ. ಈಗ ಅದನ್ನು ಮುರಿಯುತ್ತಿದ್ದೇನೆ. ಇದು ಗೊತ್ತಾದ ದಿನ ಅವಳು ನನ್ನನ್ನು ನಂಬುವುದನ್ನು ಬಿಡುತ್ತಾಳೆ. ಅದಕ್ಕೆ ಸಿದ್ಧಳಾಗಿಯೇ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯವಿದೆ. ಟಿಲ್ಲಿ ಇನ್ನು ತನ್ನ ಹತ್ತಿರವೇ ಇರಬೇಕೆಂದು ಗ್ಲೆನ್ ಕೋರ್ಟಿಗೆ ಹೋಗಲಿದ್ದಾನೆ. ನೀವು ಹಗಲೆಲ್ಲ ಕತ್ತಲೆಯಲ್ಲಿ ಮಲಗುತ್ತೀರಿ, ಮಗುವನ್ನು ನೋಡಿಕೊಳ್ಳಲಾರಿರಿ ಎಂಬುದು ಅವನ ವಾದ. ಅವನಿಗಿಂತ ಹೆಚ್ಚಾಗಿ ಅದನ್ನು ಬಯಸಿದವಳು ನಾನು. ನನಗೆ ಮಕ್ಕಳಾಗಲಿಲ್ಲ. ಅವಳಿಗೆಂದು ಆ ಪಕ್ಕದ ಕೋಣೆಗೆ ಹಸಿರು ಬಣ್ಣ ಬಳಿದದ್ದು ನಾನು. ಹಿತ್ತಲಲ್ಲಿ ಸಾಸೇಜ್ ಸುಡುತ್ತ ಗ್ಲೆನ್ ಗೆಳೆಯರಿಗೆ, “ನನ್ನ ಹಳೇ ಹೆಂಡ್ತಿ ಬಾವಲಿ ಕಣ್ರೋ, ಬೆಳಕು ಕಂಡ್ರೆ ರೆಕ್ಕೆ ಮುಚ್ಕೊಂಡ್ಬಿಡ್ತಾಳೆ,” ಅಂದಾಗ ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಕಾಯಿಲೆ ನಿಜವೋ ಸುಳ್ಳೋ ಎಂದು ಯೋಚಿಸಿರಲಿಲ್ಲ. ಸುಳ್ಳಾಗಿದ್ದರೆ ನನಗೆ ಅನುಕೂಲವಿತ್ತು.

ಆ ಅರ್ಜಿಗೆ ನನ್ನ ಸಾಕ್ಷಿ ಬೇಕಂತೆ. ಕೊಡುವುದಿಲ್ಲ. ಕೇಳಿದರೆ ಶುಕ್ರವಾರ ಏನಾಯಿತೆಂದು ಇದ್ದದ್ದು ಇದ್ದಂತೆ ಹೇಳುತ್ತೇನೆ. ನಿಮ್ಮ ಮನೆಯ ಪರದೆಗಳ ಬಗ್ಗೆ ಟಿಲ್ಲಿ ಹೇಳಿದಳು. ತಲೆನೋವಿನ ದಿನ ನೀವಿಬ್ಬರೂ ಒಂದೇ ಮಂಚದಲ್ಲಿ ಮಲಗಿ, ಯಾರೂ ಮಾತಾಡದೆ, ಒಬ್ಬರ ಕಾಲಿಗೆ ಒಬ್ಬರು ಕಾಲು ತಾಗಿಸಿಕೊಂಡಿರುತ್ತೀರಂತೆ. ಅವಳು ಅಲ್ಲಿರಲಿ.

ಗ್ಲೆನ್‌ಗೆ ಈ ಪತ್ರದ ವಿಷಯ ತಿಳಿದಿಲ್ಲ. ನಿಮ್ಮ ಮನೆಯಿಂದ ಮರಳಿದ ಮೇಲೆ ನಾನೇ ಹೇಳುತ್ತೇನೆ. ಆಮೇಲೆ ಈ ಮನೆಯಲ್ಲಿ ನಾನಿರುತ್ತೇನೋ ಇಲ್ಲವೋ ಗೊತ್ತಿಲ್ಲ. ನಿಮ್ಮಿಂದ ಉತ್ತರ ನಿರೀಕ್ಷಿಸುತ್ತಿಲ್ಲ. ಮುಂದೆಂದಾದರೂ ನಿಮ್ಮ ಅಂಗಳದಲ್ಲಿ ನನ್ನ ಮುಖ ನೋಡದೆ ಬಾಗಿಲು ಹಾಕಿಕೊಂಡರೂ ಬೇಸರಿಸುವುದಿಲ್ಲ.

ಇಂತಿ,
ಕೊರಿನ್

ಮತ್ತೆ: ಲಕೋಟೆ ಅಂಟಿಸಿದ್ದೆ, ಒಡೆದು ಇದನ್ನು ಸೇರಿಸುತ್ತಿದ್ದೇನೆ. ಇವತ್ತು ಶುಕ್ರವಾರ. ಗ್ಲೆನ್ ಕೆಲಸಕ್ಕೆ ಹೋಗಿದ್ದಾನೆಂದುಕೊಂಡು ಹಿತ್ತಲ ಶೆಡ್ಡಿಗೆ ಬಕೆಟ್ ತರಲು ಹೋದೆ. ಒಳಗಿದ್ದ. ಕಿಟಕಿಗೆ ರಟ್ಟು ಒತ್ತಿ, ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಸಿಮೆಂಟು ನೆಲದ ಮೇಲೆ ಬಿದ್ದಿದ್ದ. ಬಕೆಟ್ ಅವನ ಪಕ್ಕದಲ್ಲಿತ್ತು, ವಾಂತಿ ಮಾಡಿಕೊಂಡಿದ್ದ. “ಬಾಗ್ಲು ಹಾಕು, ಬೆಳಕು... ಬಾಗ್ಲು ಹಾಕೇ,” ಎಂದು ನರಳಿದ. ಹಾಕಿ, ಅಲ್ಲೇ ಕತ್ತಲೆಯಲ್ಲಿ ಕೂತೆ. ಆಮೇಲೆ ಅವನೇ ಹೇಳಿದ: “ಹುಡುಗನಾಗಿದ್ದಾಗಿಂದ ಇದೆ. ಅಪ್ಪ ಕತ್ತು ಹಿಡಿದು ಎಳ್ಕೊಂಡ್ಹೋಗಿ ಬಿಸಿಲಲ್ಲಿ ನಿಲ್ಲಿಸೋನು, ಗಂಡಸಾಗು ಅಂತ. ಬ್ರಿಯೋನಿಗೂ ಗೊತ್ತಿಲ್ಲ. ನೀನೂ ಯಾರಿಗೂ ಹೇಳ್ಬೇಡ.”

ಅವನನ್ನು ನೀವು ಕ್ಷಮಿಸಲಿ ಎಂದು ಇದನ್ನು ಬರೆಯುತ್ತಿಲ್ಲ. ನನ್ನಿಂದಲೂ ಆಗಿಲ್ಲ. ಆದರೆ ಅವಳಿಗೆ ನೋವು ಬಂದಾಗಲೆಲ್ಲ ನೀವು ಟಿಲ್ಲಿಯ ಹತ್ತಿರ ಸಾರಿ ಕೇಳುತ್ತೀರಂತೆ, ಇದು ನನ್ನಿಂದಲೇ ನಿನಗೆ ಬಂತು ಎಂದು. ಇನ್ನು ಕೇಳಬೇಡಿ. ನಿಮ್ಮೊಬ್ಬರಿಂದಲೇ ಬಂದದ್ದೆಂದು ಯಾರೂ ಹೇಳಲಾರರು.