ಹನ್ನೆರಡು ಕಡಲೆಕಾಯಿ

ಕೊರಟಗೆರೆ,
ಶನಿವಾರ

ಚಿ. ಲೋಹಿತಾಗೆ ಆಶೀರ್ವಾದಗಳು.

ಯೂಟ್ಯೂಬಿನಲ್ಲಿ ನಿನ್ನ ಪಾಠ ನೋಡುವ ಮಕ್ಕಳು ಎರಡು ಲಕ್ಷವಂತೆ. ನನ್ನ ತರಗತಿಯಲ್ಲಿ ಇಪ್ಪತ್ತಮೂರು. ಅವರೂ ಈಗ ನಿನ್ನವರೇ.

ಶಾಲೆಗೆ ಸ್ಮಾರ್ಟ್ ಟಿವಿ ಬಂದ ಮೇಲೆ ಐದನೇ ತರಗತಿಗೆ ದಿನವೂ ನಿನ್ನ ಗಣಿತದ ಪಾಠ ಹಾಕಬೇಕೆಂದು ಹೆಡ್‌ಮಾಸ್ತರರ ಅಪ್ಪಣೆ. ಪರದೆಯ ಮೇಲೆ ನೀನು ಬಂದೊಡನೆ ಮಕ್ಕಳು ಎದ್ದು ನಿಂತು "ನಮಸ್ತೇ ಮಿಸ್" ಎನ್ನುತ್ತಾರೆ. ನನಗೆ ಮಾತ್ರ, "ಒಸಿ ಅತ್ಲಾಗೆ ಸರೀರಿ ಮಿಸ್, ಲೋಹಿತಾ ಮಿಸ್ ಕಾಣ್ತಿಲ್ಲ" ಎನ್ನುತ್ತಾರೆ.

ಮೊನ್ನೆ ನೀನು ಭಿನ್ನರಾಶಿ ಹೇಳಿಕೊಟ್ಟೆ. ಹನ್ನೆರಡು ಕಡಲೆಕಾಯಿ ಇಟ್ಟು, ಮೂರರಲ್ಲಿ ಒಂದು ಪಾಲು ಪಕ್ಕದವರಿಗೆ ಕೊಟ್ಟು, ಉತ್ತರ ಸರಿಯಾದರೆ ಮಾತ್ರ ಉಳಿದದ್ದನ್ನು ತಿನ್ನುವುದು. ನೋಡುತ್ತಾ ನನಗೆ ಮೈಯೆಲ್ಲ ಉರಿಯಿತು. ಇದೇ ಕೋಣೆಯ ಮೊದಲ ಸಾಲಿನಲ್ಲಿ ಕೂತು, ಇದೇ ಲೆಕ್ಕಕ್ಕೆ ನಾನು ಕೊಟ್ಟ ಕಡಲೆಕಾಯಿಯನ್ನು ಉತ್ತರ ಹೇಳುವ ಮೊದಲೇ ತಿಂದುಬಿಡುತ್ತಿದ್ದವಳು ನೀನು. ನೆನಪಿದೆಯಲ್ಲ?

ಗುರುವಾರ ನೆಟ್ ಇಲ್ಲವೆಂದು ಹೆಡ್‌ಮಾಸ್ತರರಿಗೆ ಸುಳ್ಳು ಹೇಳಿದೆ. ವೈರು ಕಿತ್ತವಳು ನಾನೇ. ಒಂದು ಚೀಲ ಕಡಲೆಕಾಯಿ ತಂದು ಅದೇ ಪಾಠ ಮಾಡಿದೆ. ಮಕ್ಕಳು ಸಿಪ್ಪೆ ಚೆಲ್ಲಿ, ಪಾಲಿಗೆ ಜಗಳವಾಡಿ, ಚೆನ್ನಾಗಿಯೇ ಕಲಿತರು. ಕೊನೆಗೆ ಸಂಘಮಿತ್ರಾ ಎಂಬ ಹುಡುಗಿ ಹತ್ತಿರ ಬಂದು ಮೆಚ್ಚಿಕೊಂಡಳು: "ಪರ್ವಾಗಿಲ್ಲ ಮಿಸ್, ಲೋಹಿತಾ ಮಿಸ್‌ನ ನೋಡ್ಕಂಡು ಚೆನ್ನಾಗಿ ಕಲ್ತಿದ್ದೀರ!"

ನಾನು ಅವಳನ್ನು ತಿದ್ದಲಿಲ್ಲ. ಸೋಮವಾರ ವೈರು ಮತ್ತೆ ಸಿಕ್ಕಿಸುತ್ತೇನೆ.

ಪರದೆಯ ಮೇಲೆ ಬಂದು ನೀನೇ ತಿದ್ದು.

ನಿನ್ನ ಐದನೇ ಕ್ಲಾಸಿನ ಮಿಸ್,
ಸರ್ವಮಂಗಳಾ